ಕೈಪಿಡಿಯ ತಪ್ಪು ಯಂತ್ರದ ತಪ್ಪೇ

ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯಲ್ಲೋ ಉಪಕರಣ ತಯಾರಿಸುವ ಕಂಪನಿಯಲ್ಲೋ ಟೆಕ್ನಿಕಲ್ ರೈಟರ್ ಆಗಿರುವವರನ್ನು ಮಾತಾಡಿಸಿ ನೋಡಿ. ಅವರು ವರ್ಷಗಟ್ಟಲೆ ಕೇಳಿಸಿಕೊಂಡು ಬಂದ ಮಾತು ಒಂದಿದೆ: "ಮೇಡಂ, ಇದರ ಇಂಗ್ಲಿಷ್ ಸ್ವಲ್ಪ ನೋಡಿಬಿಡಿ." ನಾಳೆ ಬೆಳಿಗ್ಗೆ ರಿಲೀಸ್, ಇವತ್ತು ಸಂಜೆ ಕಡತ ಬರುತ್ತದೆ. ಯಂತ್ರವನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ. ಅದನ್ನು ಬಳಸುವವರು ಯಾರು, ಎಲ್ಲಿ ಕೂತು ಬಳಸುತ್ತಾರೆ ಎಂದು ಯಾರೂ ಹೇಳಿರುವುದಿಲ್ಲ. ಕಾಮಾ ಹಾಕಿ, ವಾಕ್ಯ ಸರಿಮಾಡಿ ಕೊಟ್ಟರೆ "ಥ್ಯಾಂಕ್ಸ್, ಸೂಪರ್" ಎಂದು ಮೆಸೇಜ್ ಬರುತ್ತದೆ. ಪ್ರಶ್ನೆ ಕೇಳಿದರೆ ಮಾತ್ರ ಮುಖ ಗಂಟಾಗುತ್ತದೆ.

ಈ ಕೆಲಸಕ್ಕೆ ಬಂದು ನನಗೆ ಎರಡು ದಶಕ ದಾಟಿತು. ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ., ಆಮೇಲೆ ಬೆಂಗಳೂರು. ಮೊದಲು ಟೆಲಿಕಾಂ ಸಾಫ್ಟ್‌ವೇರ್, ಈಗ ಬಹಳ ಕಾಲದಿಂದ ಆಸ್ಪತ್ರೆಯ ಉಪಕರಣಗಳು. ನನ್ನದು ಕಾನ್ವೆಂಟ್ ಇಂಗ್ಲಿಷ್ ಅಲ್ಲ; ಈ ಕೆಲಸದಲ್ಲಿ ನನ್ನನ್ನು ಕಾಪಾಡಿದ್ದೂ ಇಂಗ್ಲಿಷ್ ಅಲ್ಲ. ಯಂತ್ರವನ್ನು ಮೊದಲ ಸಲ ಮುಟ್ಟುವವರ ಕೈ ಎಲ್ಲಿ ತಡವರಿಸುತ್ತದೆ ಎಂದು ಮುಂಚೆಯೇ ಕಾಣಬೇಕು. ಕಂಡದ್ದನ್ನು ಎಂಜಿನಿಯರನ್ನು ಕೇಳಬೇಕು. ಉತ್ತರ ಸಿಗುವವರೆಗೆ ಬಿಡಬಾರದು. ಬರವಣಿಗೆ ಬರುವುದು ಇದೆಲ್ಲ ಮುಗಿದ ಮೇಲೆ. ಎಷ್ಟೋ ಕಂಪನಿಗಳು ಕೊನೆಯ ಆ ತುಂಡನ್ನಷ್ಟೇ ನಮ್ಮ ಕೈಗೆ ಕೊಟ್ಟು, ಇದೇ ಇಡೀ ಕೆಲಸ ಎಂದುಕೊಂಡಿವೆ.

ಒಂದು ಯಂತ್ರದ ವಿಚಾರವನ್ನೇ ಹೇಳುತ್ತೇನೆ. ಐಸಿಯುವಿನಲ್ಲಿ ಮಂಚದ ಪಕ್ಕ ಕಂಬಕ್ಕೆ ಸಿಕ್ಕಿಸಿರುವ ಸಿರಿಂಜ್ ಪಂಪನ್ನು ಅನೇಕರು ನೋಡಿರುತ್ತೀರಿ. ಸಿರಿಂಜಿನ ಹಿಂದಿನ ದಂಡವನ್ನು ಒಂದು ಮೋಟರ್ ತೀರಾ ನಿಧಾನವಾಗಿ ತಳ್ಳುತ್ತಿರುತ್ತದೆ. ಗಂಟೆಗೆ ಎರಡೋ ಮೂರೋ ಮಿಲಿಲೀಟರ್ ಔಷಧ ರೋಗಿಯ ರಕ್ತನಾಳ ಸೇರುತ್ತದೆ. ಬಿದ್ದುಹೋದ ರಕ್ತದೊತ್ತಡವನ್ನು ಎತ್ತಿ ಹಿಡಿಯುವ ಔಷಧಗಳನ್ನು ಹೀಗೆಯೇ ಕೊಡುವುದು. ನಡುವೆ ಎಲ್ಲಾದರೂ ಟ್ಯೂಬ್ ಮಡಚಿಕೊಂಡರೆ, ಅಥವಾ ಕ್ಲ್ಯಾಂಪ್ ತೆಗೆಯಲು ಮರೆತರೆ, ಔಷಧ ಮುಂದೆ ಹೋಗುವುದಿಲ್ಲ. ಮೋಟರ್ ಮಾತ್ರ ತಳ್ಳುತ್ತಲೇ ಇರುತ್ತದೆ. ಟ್ಯೂಬಿನೊಳಗೆ ಒತ್ತಡ ಏರಿ ಒಂದು ಮಿತಿ ದಾಟಿದಾಗ ಅಲಾರಂ ಹೊಡೆದುಕೊಳ್ಳುತ್ತದೆ. ಆ ಅಲಾರಂ ಬಂದಾಗ ನರ್ಸ್ ಏನು ಮಾಡಬೇಕು ಎಂಬ ಭಾಗದ ಕರಡು ನನ್ನ ಮೇಜಿಗೆ ಬಂದಿತ್ತು. ಎರಡೇ ಹೆಜ್ಜೆ: ಅಡಚಣೆ ತೆಗೆಯಿರಿ, ಸ್ಟಾರ್ಟ್ ಒತ್ತಿ.

ಇಂಗ್ಲಿಷ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. "ನೋಡಿಬಿಡಿ" ಅಂದವರಿಗೆ ಐದು ನಿಮಿಷದಲ್ಲಿ ವಾಪಸ್ ಕಳಿಸಬಹುದಾಗಿತ್ತು. ನಾನು ಡೆಮೊ ಪಂಪ್ ಒಂದನ್ನು ಕೇಳಿ ಪಡೆದು ಪರಿಚಯದ ಆಸ್ಪತ್ರೆಯೊಂದಕ್ಕೆ ಹೋದೆ. ಐಸಿಯು ನೋಡಿಕೊಳ್ಳುವ ಹಿರಿಯ ಸಿಸ್ಟರ್ ಒಬ್ಬರು ಊಟದ ಬಿಡುವಿನಲ್ಲಿ ನನಗಾಗಿ ಕೂತರು. ಸಿರಿಂಜಿಗೆ ಬಣ್ಣದ ನೀರು ತುಂಬಿ, ಟ್ಯೂಬಿನ ತುದಿಯನ್ನು ಕಿಡ್ನಿ ಟ್ರೇಯಲ್ಲಿಟ್ಟು, ಕ್ಲ್ಯಾಂಪ್ ಹಾಕಿ ಪಂಪ್ ಶುರುಮಾಡಿದೆವು. ಸ್ವಲ್ಪ ಹೊತ್ತಿಗೆ ಅಲಾರಂ ಬಂತು. ಕರಡಿನಲ್ಲಿ ಇದ್ದ ಹಾಗೆಯೇ ಕ್ಲ್ಯಾಂಪ್ ತೆಗೆದೆ. ತುದಿಯಿಂದ ಬಣ್ಣದ ನೀರು ಚಿಮ್ಮಿ ಟ್ರೇಗೆ ಬಿತ್ತು.

"ನೋಡಿದ್ರಾ ಮೇಡಂ, ಇದಿಷ್ಟೂ ಪೇಷೆಂಟಿಗೆ ಒಂದೇ ಸಲಕ್ಕೆ ಹೋಯ್ತು," ಅಂದರು ಸಿಸ್ಟರ್. "ನಾವು ಮೊದಲು ಪೇಷೆಂಟ್ ಕಡೆಯ ಲೈನ್ ಬಂದ್ ಮಾಡ್ಕೊಂಡು, ಆ ಪ್ರೆಷರ್ ಹೊರಗೆ ಬಿಟ್ಟು, ಆಮೇಲೆ ಅಡ್ಡ ತೆಗೀತೀವಿ. ಹೊಸ ಹುಡುಗೀರಿಗೆ ಇದು ಗೊತ್ತಿರಲ್ಲ. ನೈಟ್ ಡ್ಯೂಟೀಲಿ ಅವರೇ ಇರ್ತಾರೆ."

ಆಫೀಸಿಗೆ ಬಂದು ನಾನು ಕೇಳಿದ ಪ್ರಶ್ನೆ ಒಂದೇ ಸಾಲಿನದು: ಅಡಚಣೆ ತೆಗೆದಾಗ ಟ್ಯೂಬಿನಲ್ಲಿ ಕೂಡಿಕೊಂಡಿದ್ದ ಔಷಧ ಎಲ್ಲಿಗೆ ಹೋಗುತ್ತದೆ? ಮೊದಲ ಉತ್ತರ, ಅದು ನರ್ಸುಗಳ ಅಭ್ಯಾಸಕ್ಕೆ ಸೇರಿದ್ದು, ಕೈಪಿಡಿಯದಲ್ಲ. ಎರಡನೆಯ ಸಲ ಕೇಳಿದಾಗ ಹಿರಿಯ ಎಂಜಿನಿಯರ್ ಒಬ್ಬರು ಪಂಪನ್ನು ಬೆಂಚಿನ ಮೇಲಿಟ್ಟು ಅಳೆದು ನೋಡಿದರು. ಆಮೇಲೆ ಅವರೇ ನನ್ನ ಪರ ನಿಂತರು. ಅಲಾರಂ ಬಂದ ಕೂಡಲೇ ಮೋಟರ್ ತುಸು ಹಿಂದಕ್ಕೆ ಸರಿದು ಒತ್ತಡ ಇಳಿಸುವ ಹಾಗೆ ಸಾಫ್ಟ್‌ವೇರ್ ಬದಲಾಯಿತು. ಇಂಥ ವ್ಯವಸ್ಥೆ ಬೇರೆ ಪಂಪುಗಳಲ್ಲಿ ಆಗಲೇ ಇತ್ತು. ಕೈಪಿಡಿಯಲ್ಲಿ ಎಚ್ಚರಿಕೆಯ ಸಾಲು ಹೆಜ್ಜೆಗಿಂತ ಮೇಲೆ ಹೋಯಿತು. ಕೈಪಿಡಿ ಓದುವವರು ಪೂರ್ತಿ ಓದಿಕೊಂಡು ಆಮೇಲೆ ಕೆಲಸ ಮಾಡುವುದಿಲ್ಲ, ಒಂದು ಸಾಲು ಓದಿ ಅಷ್ಟನ್ನು ಮಾಡುತ್ತಾರೆ. ಎಚ್ಚರಿಕೆ ಕೆಳಗಿದ್ದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಕೈ ಕೆಲಸ ಮುಗಿಸಿರುತ್ತದೆ.

ಇಷ್ಟಾದ ಮೇಲೆ ಕಂಪನಿಯ ದೋಷಪಟ್ಟಿಯಲ್ಲಿ ನನ್ನ ಪ್ರಶ್ನೆ ದಾಖಲಾದ ರೀತಿ ಹೀಗಿತ್ತು: "ಪಠ್ಯ ತಿದ್ದುಪಡಿ, ಮೈನರ್." ಮೋಟರಿನ ಬದಲಾವಣೆ ಬೇರೆಯ ಟಿಕೆಟ್, ಹೊಸ ಸೌಲಭ್ಯ ಎಂಬ ಶೀರ್ಷಿಕೆಯಲ್ಲಿ. ಎರಡಕ್ಕೂ ಸಂಬಂಧವಿದೆ ಎಂದು ಹೇಳುವ ಒಂದು ಅಕ್ಷರವೂ ಎಲ್ಲಿಯೂ ಇರಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ಕೆಲಸವನ್ನು ಪುಟಗಳ ಲೆಕ್ಕದಲ್ಲಿ ಅಳೆದರು. ರಿಲೀಸ್ ಆದ ದಿನ ಹೆಸರು ಓದುವಾಗ ಡೆವಲಪರುಗಳು, ಟೆಸ್ಟಿಂಗ್ ಟೀಮ್, ಪರ್ಚೇಸ್ ವಿಭಾಗ ಎಲ್ಲ ಬಂದವು. ನಮ್ಮ ತಂಡದ ಹೆಸರು ಬರಲಿಲ್ಲ. ನನಗೆ ನೋವಾಗಿದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ನಷ್ಟ ಆ ದಾಖಲೆಯಲ್ಲಿದೆ. ಮುಂದಿನ ಪಂಪ್ ಮಾಡುವ ತಂಡ ಹಳೆಯ ದೋಷಪಟ್ಟಿ ತೆಗೆದು ನೋಡಿದರೆ, ಒಬ್ಬ ನರ್ಸ್ ಮತ್ತು ಒಬ್ಬ ರೈಟರ್ ಊಟದ ಬಿಡುವಿನಲ್ಲಿ ಕಂಡುಕೊಂಡ ಅಪಾಯ ಅಲ್ಲಿ ಸಿಗುವುದಿಲ್ಲ. "ಪಠ್ಯ ತಿದ್ದುಪಡಿ, ಮೈನರ್" ಎಂದಿರುವುದನ್ನು ಯಾರು ತೆರೆದು ಓದುತ್ತಾರೆ?

ಟೆಕ್ನಿಕಲ್ ರೈಟರುಗಳಿಗೆ ಗೌರವ ಸಿಗಬೇಕು ಎಂದು ಮಾತಾಡುವಾಗ ಸಾಮಾನ್ಯವಾಗಿ ಮೆಚ್ಚುಗೆಯ ಮಾತು, ಸರ್ಟಿಫಿಕೇಟು, ಮೀಟಿಂಗಿನಲ್ಲಿ ಒಂದು ಚಪ್ಪಾಳೆ ಇವೇ ಚರ್ಚೆಗೆ ಬರುತ್ತವೆ. ನಾನು ಕೇಳುವುದು ಬೇರೆ. ಕೈಪಿಡಿಯಲ್ಲಿ ಕಂಡ ದೋಷವನ್ನು ಉತ್ಪನ್ನದ ದೋಷವೆಂದೇ ಬರೆದುಕೊಳ್ಳಬೇಕು, ಅದೇ ತೂಕದಲ್ಲಿ, ಅದೇ ಪಟ್ಟಿಯಲ್ಲಿ. ಗಂಭೀರ ದೋಷವಾಗಿದ್ದರೆ ಅದು ರಿಲೀಸನ್ನು ನಿಲ್ಲಿಸಬೇಕು. ಟೆಸ್ಟರ್ ಒಬ್ಬರು "ಇದು ಸರಿಹೋಗದೆ ಹೊರಗೆ ಹೋಗಕೂಡದು" ಎಂದಾಗ ಆ ಮಾತಿಗಿರುವ ಬೆಲೆ ರೈಟರ್ ಮಾತಿಗೂ ಇರಬೇಕು. ಉಳಿದ ಮನ್ನಣೆ ಅದರ ಹಿಂದೆ ತಾನಾಗಿ ಬರುತ್ತದೆ.

ಇದನ್ನು ಅತಿಯಾದ ಬೇಡಿಕೆ ಅನ್ನುವವರು ಥೆರಾಕ್-25ರ ಇತಿಹಾಸ ಓದಬೇಕು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡಲು ಅಟಾಮಿಕ್ ಎನರ್ಜಿ ಆಫ್ ಕೆನಡಾ ಲಿಮಿಟೆಡ್ ತಯಾರಿಸಿದ ಯಂತ್ರ ಅದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ವಿಪರೀತ ಪ್ರಮಾಣದ ವಿಕಿರಣ ಹಾಯಿಸಿತು, ಸಾವುಗಳೂ ಆದವು. ಮೂಲ ಕಾರಣ ಸಾಫ್ಟ್‌ವೇರಿನಲ್ಲಿತ್ತು, ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ತೆಗೆದುಹಾಕಿದ್ದರಲ್ಲಿತ್ತು. ಅದರಲ್ಲಿ ಅನುಮಾನವಿಲ್ಲ. ಆದರೆ 1986ರ ಮಾರ್ಚ್‌ನಲ್ಲಿ ಟೆಕ್ಸಾಸಿನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಆಪರೇಟರ್ ಕಂಡದ್ದೇನು? ತೆರೆಯ ಮೇಲೆ "ಮಾಲ್‌ಫಂಕ್ಷನ್ 54" ಎಂಬ ಎರಡು ಪದ. ಅವರ ಬಳಿಯಿದ್ದ ಕೈಪಿಡಿಯಲ್ಲಿ ಆ ಸಂಖ್ಯೆಗೆ ವಿವರಣೆ ಇರಲಿಲ್ಲ. ಅಂಥ ಸಂಖ್ಯೆಗಳು ಆ ಯಂತ್ರದಲ್ಲಿ ದಿನವೂ ಬಂದು ಹೋಗುತ್ತಿದ್ದವು. 'ಪಿ' ಕೀಲಿ ಒತ್ತಿದರೆ ಚಿಕಿತ್ಸೆ ಮುಂದುವರಿಯುತ್ತಿತ್ತು. ಅವರು ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಎರಡನೆಯ ಸಲ ಏಟು ಬಿತ್ತು. ಕೆಲವು ತಿಂಗಳಲ್ಲಿ ಆ ರೋಗಿ ತೀರಿಕೊಂಡರು. ಮರುತಿಂಗಳೇ ಅದೇ ಆಸ್ಪತ್ರೆಯಲ್ಲಿ, ಅದೇ ಸಂಖ್ಯೆಯೊಂದಿಗೆ ಇನ್ನೊಬ್ಬ ರೋಗಿ. ನ್ಯಾನ್ಸಿ ಲೆವೆಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಈ ದುರಂತಗಳ ಬಗ್ಗೆ ಬರೆದ ದೀರ್ಘ ತನಿಖಾ ಲೇಖನವನ್ನು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಓದಿಸುತ್ತಾರೆ. ಅದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಒಂದೇ ಕಡೆ ನಿಲ್ಲುತ್ತದೆ. 54 ಅಂದರೆ ಏನು, ಅದು ಬಂದಾಗ ರೋಗಿಗೆ ಏನಾಗಿರಬಹುದು, ಆಪರೇಟರ್ ಆಗ ಏನು ಮಾಡಬೇಕು ಎಂದು ಯಂತ್ರ ಕಟ್ಟುವ ಹೊತ್ತಿನಲ್ಲಿ ಪಟ್ಟು ಹಿಡಿದು ಕೇಳುವ ಒಬ್ಬರು ಅಲ್ಲಿದ್ದು, ಅವರ ಮಾತಿಗೆ ಬೆಲೆ ಇದ್ದಿದ್ದರೆ?

ಎರಡನೆಯ ಉದಾಹರಣೆ ನಮ್ಮೆಲ್ಲರ ನೆನಪಿನಲ್ಲಿ ಇರುವಂಥದು. ಬೋಯಿಂಗ್ 737 ಮ್ಯಾಕ್ಸ್ ವಿಮಾನದಲ್ಲಿ ಮೂತಿಯನ್ನು ತಾನಾಗಿ ಕೆಳಕ್ಕೆ ಒತ್ತುವ ಎಂಕ್ಯಾಸ್ ಎಂಬ ವ್ಯವಸ್ಥೆ ಇತ್ತು. ಪೈಲಟ್‌ಗಳ ಕೈಪಿಡಿಯಿಂದ ಅದರ ವಿವರ ಬಿಡಲು ಕಂಪನಿ 2016ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಕೇಳಿತು, ಒಪ್ಪಿಗೆ ಸಿಕ್ಕಿತು. 2018ರ ಅಕ್ಟೋಬರ್‌ನಲ್ಲಿ ಇಂಡೊನೇಷ್ಯಾದ ಸಮುದ್ರಕ್ಕೆ ಬಿದ್ದ ಲಯನ್ ಏರ್ ವಿಮಾನದಲ್ಲಿ 189 ಜನ ಸತ್ತರು. ತಾವು ಯಾವುದರ ವಿರುದ್ಧ ಹೆಣಗುತ್ತಿದ್ದೇವೆ ಎಂಬುದೇ ಆ ಪೈಲಟ್‌ಗಳಿಗೆ ತಿಳಿದಿರಲಿಲ್ಲ. 2019ರ ಮಾರ್ಚ್‌ನಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ ವಿಮಾನ ಬಿದ್ದು 157 ಜನ. ಕೈಪಿಡಿಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಅಲ್ಲಿ ನಿರ್ಧರಿಸಿದ್ದು ಖರ್ಚು ಮತ್ತು ತರಬೇತಿಯ ಲೆಕ್ಕ. ಆ ನಿರ್ಧಾರ ರೈಟರುಗಳದ್ದಾಗಿರಲಿಲ್ಲ. ಒಂದು ಪ್ಯಾರಾವನ್ನು ಬಿಡುವುದು ಸುರಕ್ಷತೆಯ ನಿರ್ಧಾರವಾದರೆ, ಆ ಪ್ಯಾರಾ ಬರೆಯುವವರು ಸುರಕ್ಷತೆಯ ಮೇಜಿನಲ್ಲಿ ಕೂರಬೇಕಾದವರು.

ಕಂಪನಿಗಳ ಒಳಗೆ ನಾನು ಈ ವಾದ ಹೂಡುವಾಗ ಈಗ ನಮ್ಮ ದೇಶದ ಕಾನೂನೇ ನನ್ನ ಬೆನ್ನಿಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಸೆಕ್ಷನ್ ತಯಾರಕರ ಹೊಣೆಯನ್ನು ಹೇಳುತ್ತದೆ. ತಯಾರಿಕೆಯ ದೋಷ, ವಿನ್ಯಾಸದ ದೋಷಗಳ ಜೊತೆಗೇ, ಹಾನಿಯಾಗದಂತೆ ಸರಿಯಾಗಿ ಬಳಸಲು ಸಾಕಷ್ಟು ಸೂಚನೆ ಅಥವಾ ತಪ್ಪು ಬಳಕೆಯ ಬಗ್ಗೆ ಎಚ್ಚರಿಕೆ ಇಲ್ಲದಿದ್ದರೂ ತಯಾರಕರು ಹೊಣೆಗಾರರು ಎಂದು ಅದೇ ಪಟ್ಟಿಯಲ್ಲಿದೆ. ಮೋಟರ್ ಸುಟ್ಟರೂ, ಸೂಚನೆ ಕೈಕೊಟ್ಟರೂ ನ್ಯಾಯಾಲಯದ ಮುಂದೆ ಒಂದೇ ಸಾಲು. ನಮ್ಮ ಕಂಪನಿಗಳ ದೋಷಪಟ್ಟಿಯಲ್ಲಿ ಮಾತ್ರ ಒಂದು ಮೇಜರ್, ಇನ್ನೊಂದು ಮೈನರ್.

ಇದು ಬೆಂಗಳೂರಿನ ಗಾಜಿನ ಕಟ್ಟಡಗಳ ಒಳಗಿನ ಜಗಳ ಮಾತ್ರ ಎಂದು ಓದುಗರು ತಿಳಿಯಬಾರದು. ನಮ್ಮ ಊರಿಗೆ ಬನ್ನಿ. ಕೀಟನಾಶಕದ ಬಾಟಲಿಯ ಜೊತೆ ಕನ್ನಡವೂ ಇರುವ ಕರಪತ್ರ ಕೊಡಬೇಕೆಂಬ ನಿಯಮ ಬಹಳ ಹಳೆಯದು. 1971ರ ಕೀಟನಾಶಕ ನಿಯಮಗಳು ಪ್ರಾದೇಶಿಕ ಭಾಷೆಯ ಕರಪತ್ರವನ್ನು ಕೇಳುತ್ತವೆ. ಕರಪತ್ರ ಇರುತ್ತದೆ. ಹಲವು ಮಡಿಕೆಯ ತೆಳು ಕಾಗದ, ಇರುವೆ ಸಾಲಿನಂಥ ಅಕ್ಷರ. ಎಷ್ಟು ನೀರಿಗೆ ಎಷ್ಟು ಔಷಧ ಎಂಬುದನ್ನು ಹೆಕ್ಟೇರಿನ ಲೆಕ್ಕದಲ್ಲಿ ಹೇಳಿರುತ್ತಾರೆ, ಬೆನ್ನಿಗೆ ಕಟ್ಟಿಕೊಂಡ ಕ್ಯಾನಿನ ಲೆಕ್ಕದಲ್ಲಿ ಹೇಳಿರುವುದಿಲ್ಲ. ವಿಷ ಮೈಮೇಲೆ ಚೆಲ್ಲಿಕೊಂಡರೆ ಏನು ಮಾಡಬೇಕು ಎಂಬ ಸಾಲು ಹುಡುಕಿದರೂ ಸಿಗದಷ್ಟು ಒಳಗಿರುತ್ತದೆ. ಅದನ್ನು ಕನ್ನಡಕ್ಕೆ ತಂದವರು ಯಾರೋ ಪುಟಕ್ಕೆ ಇಷ್ಟು ಎಂದು ಹಣ ಪಡೆದವರು. ಅವರಿಗೆ ಬಾಟಲಿ ತೋರಿಸಿರುವುದಿಲ್ಲ, ತೋಟ ತೋರಿಸಿರುವುದಿಲ್ಲ. ಇಂಗ್ಲಿಷ್ "ನೋಡಿಬಿಡಿ" ಅನ್ನುವ ಹಾಗೇ ಇಲ್ಲಿ "ಕನ್ನಡ ಮಾಡಿಬಿಡಿ."

ಇದಕ್ಕೆ ತದ್ವಿರುದ್ಧವಾದದ್ದನ್ನೂ ನಾನು ಅದೇ ಊರಿನಲ್ಲಿ ಕಂಡಿದ್ದೇನೆ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಒಂದು ಕಿಲೋ ಮೈಲುತುತ್ತ ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರ್ ನೀರಿನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಉಲ್ಟಾ ಮಾಡಿದರೆ ದ್ರಾವಣ ಒಡೆದು ಗಸಿ ಕೂರುತ್ತದೆ. ಕಬ್ಬಿಣದ ಪಾತ್ರೆ ಆಗದು. ಕಬ್ಬಿಣದ ಚೂರಿ ಅದ್ದಿ ನೋಡಿದಾಗ ಕೆಂಪು ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು. ತಯಾರಿಸಿದ ದಿನವೇ ಹೊಡೆದು ಮುಗಿಸಬೇಕು. ಇದನ್ನು ಹೀಗೆ, ಕೈ ಮಾಡುವ ಕ್ರಮದಲ್ಲಿಯೇ ವಿವರಿಸಿದ್ದ ಒಂದು ಲೇಖನವನ್ನು ಅಪ್ಪಯ್ಯ ಕೃಷಿ ಪತ್ರಿಕೆಯಿಂದ ಕತ್ತರಿಸಿ ಔಷಧ ಇಡುವ ಕೋಣೆಯ ಬಾಗಿಲಿಗೆ ಅಂಟಿಸಿಕೊಂಡಿದ್ದರು. ಬರೆದವರು ಅಡಿಕೆ ಬೆಳೆಯುವವರೇ. ಕೆಳಗೆ ಅವರ ಹೆಸರು ಮತ್ತು ಫೋನ್ ನಂಬರ್ ಇತ್ತು. ಅಪ್ಪಯ್ಯ ಫೋನ್ ಮಾಡಿ ಸುಣ್ಣದ ಗುಣಮಟ್ಟದ ಬಗ್ಗೆ ವಿಚಾರಿಸಿದ್ದೂ ಉಂಟು. 1988ರಲ್ಲಿ ಪುತ್ತೂರಿನಿಂದ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಡಬೇಕು ಎಂದು ಹಟ ಹಿಡಿದು ಈ ಬಗೆಯ ಬರವಣಿಗೆಯನ್ನು ಬೆಳೆಸಿತು. ಶ್ರೀಪಡ್ರೆಯವರಂಥವರು ಅದಕ್ಕಾಗಿ ಕೃಷಿಕರಿಗೆ ಬರವಣಿಗೆಯ ಶಿಬಿರಗಳನ್ನೇ ನಡೆಸಿದರು. ನನ್ನ ಮಟ್ಟಿಗೆ ಕನ್ನಡದ ಅತ್ಯುತ್ತಮ ಟೆಕ್ನಿಕಲ್ ರೈಟರುಗಳು ಆ ಪುಟಗಳಲ್ಲಿದ್ದಾರೆ. ಬರೆದವರ ಹೆಸರಿದ್ದರೆ ಓದಿದವರಿಗೆ ಪ್ರಶ್ನೆ ಕೇಳಲು ಒಂದು ವಿಳಾಸ ಸಿಗುತ್ತದೆ, ಬರೆದವರಿಗೆ ತಮ್ಮ ಸಾಲು ಎಲ್ಲಿ ಸೋತಿತೆಂದು ತಿಳಿಯುತ್ತದೆ. ನಮ್ಮ ಕೈಪಿಡಿಗಳಲ್ಲಿ ಈ ಎರಡೂ ಇಲ್ಲ.

ಕನ್ನಡದಲ್ಲಿ ಈ ಬಗೆಯ ಬರವಣಿಗೆ ಹೊಸದೇನೂ ಅಲ್ಲ. 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿ ತೋಡುವ ಜಾಗ ಗುರುತಿಸುವುದರಿಂದ ಅಡುಗೆಯವರೆಗೆ ದಿನಬಳಕೆಯ ತಿಳಿವಳಿಕೆ ಇದೆ. ರಾಜಾದಿತ್ಯ ಲೆಕ್ಕದ ಪುಸ್ತಕ ಬರೆದ, ಕೀರ್ತಿವರ್ಮ ದನಗಳ ವೈದ್ಯ ಬರೆದ, ಮಂಗರಾಜ ವಿಷಚಿಕಿತ್ಸೆಯ 'ಖಗೇಂದ್ರಮಣಿದರ್ಪಣ' ಬರೆದ. ಆರ್. ನರಸಿಂಹಾಚಾರ್ಯರು 'ಕರ್ನಾಟಕ ಕವಿಚರಿತೆ'ಯನ್ನು ಕಟ್ಟುವಾಗ ಇವರನ್ನು ಹೊರಗೆ ನಿಲ್ಲಿಸಲಿಲ್ಲ; ಕಾವ್ಯ ಬರೆದವರ ಜೊತೆಗೇ ಇವರಿಗೂ ಜಾಗ ಕೊಟ್ಟರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2008ರ ವೃತ್ತಿ ವರ್ಗೀಕರಣವೂ ಟೆಕ್ನಿಕಲ್ ರೈಟರನ್ನು ಕವಿ, ಕಾದಂಬರಿಕಾರರ ಗುಂಪಿನಲ್ಲೇ ಇರಿಸಿದೆ, 2641 ಎಂಬ ಸಂಖ್ಯೆಯಡಿ. ಆ ಪಟ್ಟಿ ನೋಡಿದ ದಿನ ನನಗೆ ನಿಜವಾಗಿ ಸಂತೋಷವಾಗಿತ್ತು.

ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಫೀಸಿನಲ್ಲಿ ಕುರ್ಚಿ ಸಿಗುವುದಿಲ್ಲ. ನಮ್ಮ ಪರವಾಗಿ ಯಾರೋ ಬಂದು ಮಾತಾಡುತ್ತಾರೆ ಎಂದು ಕಾಯುವ ಕಾಲವೂ ಮುಗಿದಿದೆ. 1953ರಲ್ಲಿ ಬೇರು ಬಿಟ್ಟು, ಭಾರತದಲ್ಲೂ ಶಾಖೆ ಹೊಂದಿದ್ದ ಅಮೆರಿಕದ ಸೊಸೈಟಿ ಫಾರ್ ಟೆಕ್ನಿಕಲ್ ಕಮ್ಯುನಿಕೇಶನ್ ಎಂಬ ಸಂಸ್ಥೆ 2025ರ ಜನವರಿಯಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಅದರ ಪತ್ರಿಕೆಗಳನ್ನು ಓದಿ ಕೆಲಸ ಕಲಿತವರು ನಾವು. ಅದೇ ಹೊತ್ತಿಗೆ ಮ್ಯಾನೇಜರುಗಳ ಬಾಯಲ್ಲಿ ಹೊಸ ಮಾತು: "ಇನ್ನು ಎಐ ಬರೆಯುತ್ತೆ ಬಿಡಿ." ಬರೆಯಲಿ. ವಾಕ್ಯ ನೇರ್ಪುಗೊಳಿಸುವ ಕೆಲಸವನ್ನು ಅದು ನನಗಿಂತ ಬೇಗ ಮಾಡುತ್ತದೆ, ನಾನೂ ಬಳಸುತ್ತೇನೆ. ಪಂಪಿನ ಆ ಎರಡು ಹೆಜ್ಜೆಯ ಕರಡನ್ನು ಕೊಟ್ಟು ಇಂಗ್ಲಿಷ್ ನೋಡು ಎಂದಷ್ಟೇ ಹೇಳಿದರೆ ಅಂದವಾಗಿ ಮಾಡಿಕೊಡುತ್ತದೆ. ಟ್ರೇಗೆ ಚಿಮ್ಮಿದ ಬಣ್ಣದ ನೀರನ್ನು ಅದು ನೋಡಿರುವುದಿಲ್ಲ, ನೈಟ್ ಡ್ಯೂಟಿಯಲ್ಲಿ ಇರುವವರು ಯಾರೆಂದು ಸಿಸ್ಟರ್ ಅದಕ್ಕೆ ಹೇಳಿರುವುದಿಲ್ಲ. ಇನ್ನೊಂದು ವಿಷಯ. ಗ್ರಾಹಕರು ಈಗ ಕೈಪಿಡಿ ತೆರೆಯದೆ ಚಾಟ್‌ಬಾಟ್ ಕೇಳುತ್ತಾರೆ. ಚಾಟ್‌ಬಾಟ್ ಉತ್ತರ ಹುಡುಕುವುದು ನಾವು ಬರೆದಿಟ್ಟ ಕೈಪಿಡಿಯಲ್ಲಿಯೇ. ಅಲ್ಲಿ ತಪ್ಪಿದ್ದರೆ ಅದೇ ತಪ್ಪನ್ನು ಎಲ್ಲರಿಗೂ ಅಷ್ಟೇ ಧೈರ್ಯದಿಂದ ಹೇಳುತ್ತದೆ.

ದಾಖಲೆಗಳ ಕೊರತೆಯನ್ನು ಎಂಜಿನಿಯರುಗಳೇ ಒಪ್ಪುತ್ತಾರೆ. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ 2017ರಲ್ಲಿ ನಡೆಸಿದ ಓಪನ್ ಸೋರ್ಸ್ ಸಮೀಕ್ಷೆಯಲ್ಲಿ, ಅಪೂರ್ಣ ಅಥವಾ ಹಳತಾದ ವಿವರಣೆಯ ತೊಂದರೆಯನ್ನು ಕಂಡಿದ್ದೇವೆ ಎಂದವರು ಶೇ 93. ಅದೇ ಸಮೀಕ್ಷೆಯಲ್ಲಿ, ಕೋಡ್ ಕೊಡುವವರ ಪೈಕಿ ಶೇ 60 ಮಂದಿ ತಾವು ಅಂಥ ಬರವಣಿಗೆಗೆ ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು. ನಮ್ಮ ಜಾಗ ಇರುವುದು ಈ ಎರಡು ಸಂಖ್ಯೆಗಳ ನಡುವೆ.

ಆ ಜಾಗಕ್ಕೆ ಹೋಗಲು ನಾವು ಮಾಡಬೇಕಾದದ್ದೂ ಇದೆ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು, ಯಂತ್ರ ಮುಟ್ಟದೆ ಅದರ ಬಗ್ಗೆ ಒಂದು ಸಾಲೂ ಬರೆಯಬೇಡಿ. ಸಾಫ್ಟ್‌ವೇರ್ ಆದರೆ ನಿಮ್ಮ ಕಂಪ್ಯೂಟರಿನಲ್ಲೇ ಇನ್‌ಸ್ಟಾಲ್ ಮಾಡಿ, ಬೇಕೆಂದೇ ತಪ್ಪು ಒತ್ತಿ ನೋಡಿ. ಕೋಡ್ ಓದಲು ಕಲಿಯಿರಿ. ಬರೆಯಲು ಬಾರದಿದ್ದರೂ ಪರವಾಗಿಲ್ಲ. ಸಪೋರ್ಟ್ ವಿಭಾಗದಲ್ಲಿ ಕೂತು ಗ್ರಾಹಕರ ಕರೆಗಳನ್ನು ಕೇಳಿಸಿಕೊಳ್ಳಿ. ನಿಮ್ಮ ವೃತ್ತಿಗೂ ಶಾಸ್ತ್ರವಿದೆ, ಅದನ್ನು ಹೆಸರು ಹಿಡಿದು ಹೇಳಿ: ವಿಮಾನ ದುರಸ್ತಿಯ ಕೈಪಿಡಿಗಳಿಗೆ 1980ರ ದಶಕದಲ್ಲಿ ರೂಪಿಸಿದ ಸರಳ ಇಂಗ್ಲಿಷಿನ ನಿಯಮಗಳಲ್ಲಿ ಒಂದು ಪದಕ್ಕೆ ಒಂದೇ ಅರ್ಥ, ಒಂದು ಸೂಚನೆಗೆ ಇಪ್ಪತ್ತು ಪದ ಮೀರುವಂತಿಲ್ಲ. ಬಳಸುವವರಿಗೆ ಕೊಡುವ ಸೂಚನೆಗಳಿಗೆಂದೇ 82079 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. "ನನಗೆ ಹೀಗೆ ಚೆನ್ನಾಗಿ ಕಾಣುತ್ತೆ" ಎಂದು ವಾದಿಸಿದರೆ ಅಭಿರುಚಿಯ ಜಗಳವಾಗುತ್ತದೆ, ಎಂಜಿನಿಯರ್ ಗೆಲ್ಲುತ್ತಾರೆ. ಮಾನದಂಡ, ಕರೆಗಳ ದಾಖಲೆ, ಟ್ರೇಯಲ್ಲಿ ಬಿದ್ದ ನೀರು ತೋರಿಸಿದರೆ ಅವರೇ ಕುರ್ಚಿ ಎಳೆದು ಕೂರಿಸುತ್ತಾರೆ. ನಾನು ಕೆಲಸ ಮಾಡಿದ ತಂಡಗಳಲ್ಲೆಲ್ಲ ಹೆಣ್ಣುಮಕ್ಕಳೇ ಹೆಚ್ಚು. "ನೋಡಿಬಿಡಿ" ಎಂದು ಕೇಳುವುದು ಅಷ್ಟು ಸಲೀಸಾಗಿ ಬಾಯಿಗೆ ಬರುವುದಕ್ಕೆ ಅದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಹಾಗೆ ಕೇಳಿದಾಗ ಸಿಡುಕುವುದು ಬೇಡ. "ಆಗಲಿ, ಮೊದಲು ಯಂತ್ರ ತೋರಿಸಿ" ಅನ್ನಿ.

ನಾನು ಈಗಿರುವ ಕಡೆ, ಕೈಪಿಡಿಯ ದೋಷವನ್ನು ಉತ್ಪನ್ನದ ದೋಷವೆಂದೇ ಬರೆದುಕೊಳ್ಳುವ ಬದಲಾವಣೆಯನ್ನು ತರಲು ನಾವು ಬಹಳ ಕಾಲ ವಾದಿಸಬೇಕಾಯಿತು. ಸಪೋರ್ಟ್ ವಿಭಾಗದ ಮುಖ್ಯಸ್ಥರನ್ನು ಜೊತೆಗಿಟ್ಟುಕೊಂಡು, ಸೂಚನೆ ಇಲ್ಲದ್ದಕ್ಕೋ ತಪ್ಪಾಗಿದ್ದಕ್ಕೋ ಬಂದ ಕರೆಗಳನ್ನು ಒಂದೊಂದಾಗಿ ವಿಂಗಡಿಸಿ, ಯಾವ ಪುಟದ ಯಾವ ಸಾಲಿನಿಂದ ಆ ಕರೆ ಹುಟ್ಟಿತು ಎಂದು ಬರೆದು ಕ್ವಾಲಿಟಿ ವಿಭಾಗದ ಮುಂದಿಟ್ಟೆವು. ಕೊನೆಗೆ ದೋಷಪಟ್ಟಿಯಿಂದ "ಪಠ್ಯ ತಿದ್ದುಪಡಿ" ಎಂಬ ಬೇರೆಯ ವರ್ಗವನ್ನೇ ತೆಗೆದರು. ಕೈಪಿಡಿಯ ದೋಷಕ್ಕೂ ಯಂತ್ರದ ದೋಷಕ್ಕೂ ಈಗ ಒಂದೇ ಅಳತೆ. ಅದಾದ ಸ್ವಲ್ಪ ದಿನಕ್ಕೇ ಪರೀಕ್ಷೆ ಬಂತು. ಪಂಪನ್ನು ಬಹಳ ದಿನ ಬಳಸದೆ ಇಟ್ಟರೆ ಬ್ಯಾಟರಿ ಎಷ್ಟು ಕಾಲಕ್ಕೊಮ್ಮೆ ಚಾರ್ಜ್ ಮಾಡಬೇಕು ಎಂಬಲ್ಲಿ ಕೈಪಿಡಿಯ ಸಂಖ್ಯೆಯೂ ಪರೀಕ್ಷೆಯಲ್ಲಿ ಸಿಕ್ಕ ಸಂಖ್ಯೆಯೂ ಹೊಂದಲಿಲ್ಲ. ಕರೆಂಟ್ ಹೋಗುವುದು ಮಾಮೂಲಾಗಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಸಂಖ್ಯೆ ತಪ್ಪಾದರೆ ಏನಾಗುತ್ತದೆ ಎಂದು ನಮ್ಮ ತಂಡದ ಕಿರಿಯ ರೈಟರ್ ಒಬ್ಬಳು ಬರೆದು, ದೋಷವನ್ನು ಮೇಜರ್ ಎಂದು ಗುರುತಿಸಿದಳು. ರಿಲೀಸ್ ನಿಂತಿತು. ಗೊಣಗಾಟ ಇತ್ತು. ಸಂಖ್ಯೆ ಸರಿಯಾಗಿ, ರೈಟರ್ ಸಹಿಯೂ ಬಿದ್ದ ಮೇಲೆ ಪಂಪ್ ಹೊರಗೆ ಹೋಯಿತು.

ಇದಕ್ಕೆ ಹೊಸ ಬಜೆಟ್ ಬೇಕಾಗಲಿಲ್ಲ, ಹೊಸ ವಿಭಾಗ ಬೇಕಾಗಲಿಲ್ಲ. ದೋಷಪಟ್ಟಿಯ ತಂತ್ರಾಂಶದಲ್ಲಿ ಒಂದು ವರ್ಗ ಅಳಿಸಿ, ಬಿಡುಗಡೆಯ ಒಪ್ಪಿಗೆ ಪತ್ರದಲ್ಲಿ ಒಂದು ಸಹಿ ಹೆಚ್ಚಿಸುವ ಕೆಲಸ. ಬೆಂಗಳೂರಿನ ಯಾವ ಕಂಪನಿಯಾದರೂ ಮುಂದಿನ ರಿಲೀಸ್ ಒಳಗೆ ಮಾಡಬಹುದಾದದ್ದು. ನಮ್ಮಲ್ಲಿ ಡಿಸೈನ್ ರಿವ್ಯೂನ ಹಾಜರಿ ಹಾಳೆಯಲ್ಲೂ ರೈಟರ್‌ಗೆ ಒಂದು ಸಾಲು ಬಂದಿದೆ. ಆ ಸಾಲು ಖಾಲಿ ಇದ್ದರೆ ಸಭೆ ಶುರುವಾಗುವುದಿಲ್ಲ.